ಕ್ವೇಸಾರ್‌ನ ಹೊಳಪು ನಾಲ್ಕು ವರ್ಷಕ್ಕೊಮ್ಮೆ ಏರಿಳಿದರೆ ಅಲ್ಲಿ ಜೋಡಿ ಕಪ್ಪುಕುಳಿಗಳಿವೆ ಎನ್ನಬಹುದೇ?

ಕ್ವೇಸಾರ್ ಎಂದರೆ ಭಾರಿ ಕಪ್ಪುಕುಳಿ ಅನಿಲವನ್ನು ನುಂಗುವಾಗ ಪ್ರಖರವಾಗಿ ಬೆಳಗುವ ದೂರದ ಗೆಲಾಕ್ಸಿಯ ನಡು; ಅಲ್ಲಿ ಎರಡು ಕುಳಿಗಳು ಒಂದನ್ನೊಂದು ಸುತ್ತುತ್ತಿದ್ದರೆ ಹೊಳಪೂ ಲಯಬದ್ಧವಾಗಿ ಏರಿಳಿಯಬಹುದು. ಹೀಗೆ ಏರಿಳಿಯುವ ಕ್ವೇಸಾರ್ ಒಂದನ್ನು ನೀವು ಕಂಡಿದ್ದೀರಿ. ಗುರುತ್ವ ಅಲೆಗಳನ್ನು ಬಾಹ್ಯಾಕಾಶದಲ್ಲಿ ಅಳೆಯಲಿರುವ ಲೀಸಾ ನೌಕೆಗಳು ಆ ಜೋಡಿಯ ಅಲೆಯನ್ನು ಹಿಡಿಯಬಹುದೆಂದು ಪ್ರಬಂಧದಲ್ಲಿ ಬರೆಯಲು ಹೊರಟಿದ್ದೀರಿ. 2016ರಲ್ಲಿ ನಾನೂ ಹೀಗೆಯೇ ಬರೆದಿದ್ದೆ. ಅದಕ್ಕೆ ಹಿಂದಿನ ವರ್ಷ, ಆಕಾಶವನ್ನು ಮತ್ತೆ ಮತ್ತೆ ಚಿತ್ರಿಸುವ ಕೆಟಲಿನಾ ಸಮೀಕ್ಷೆಯಲ್ಲಿ ಪಿಜಿ 1302-102 ಎಂಬ ಕ್ವೇಸಾರ್ ಸುಮಾರು 5.2 ವರ್ಷಗಳಿಗೊಮ್ಮೆ ಬೆಳಗಿ ಮಂಕಾಗುವುದು, ಜೋಡಿ ಕಪ್ಪುಕುಳಿಗಳ ಸಂಭವನೀಯ ಗುರುತೆಂದು ವರದಿಯಾಗಿತ್ತು. ನಾನು ಅದೇ ಸಮೀಕ್ಷೆಯ ಸಾವಿರಾರು ಕ್ವೇಸಾರ್‌ಗಳನ್ನು ಜಾಲಾಡಿ, ಒಂಬತ್ತು ವರ್ಷಗಳಲ್ಲಿ ಎರಡು ಬಾರಿ ಸ್ಪಷ್ಟವಾಗಿ ಏರಿಳಿದ ಒಂದನ್ನು ಆರಿಸಿಕೊಂಡೆ.

ಅದು ಆಕಸ್ಮಿಕವಲ್ಲವೆಂದು ತೋರಿಸಲು, ಹೊಳಪಿನ ಅಳತೆಗಳನ್ನು ಕಂಪ್ಯೂಟರ್‌ನಲ್ಲಿ ಇಸ್ಪೀಟಿನ ಎಲೆಗಳಂತೆ ಸಾವಿರ ಬಾರಿ ಕಲೆಸಿ, ಪ್ರತಿ ಬಾರಿಯೂ ಆವರ್ತವನ್ನು, ಅಂದರೆ ನಿಯತ ಕಾಲಕ್ಕೊಮ್ಮೆ ಮರಳುವ ಏರಿಳಿತವನ್ನು, ಹುಡುಕಿದೆ. ಒಮ್ಮೆಯೂ ಸಿಗದಿದ್ದಾಗ ಗೆದ್ದೆನೆಂದುಕೊಂಡೆ. ನನ್ನ ತಪ್ಪು ಇದೇ. ಕಪ್ಪುಕುಳಿ ಒಂಟಿಯಾಗಿದ್ದರೂ ಅದರ ಸುತ್ತಲಿನ ಅನಿಲದ ತಟ್ಟೆ ಹೊಯ್ದಾಡುತ್ತಲೇ ಇರುತ್ತದೆ. ಈ ತಿಂಗಳ ಹೊಳಪು ಹೋದ ತಿಂಗಳ ಹೊಳಪಿಗೆ ಅಂಟಿಕೊಂಡೇ ಬರುತ್ತದೆ. ಕಲೆಸಿದೊಡನೆ ಆ ಅಂಟು ಕಳಚಿ, ನಿಧಾನವಾದ ಅಲೆ ಏಳಲು ಸಾಧ್ಯವೇ ಇಲ್ಲದ ಗದ್ದಲ ಮಾತ್ರ ಉಳಿಯುತ್ತದೆ; ಆ ಗದ್ದಲದ ಪಕ್ಕದಲ್ಲಿ ಯಾವ ಕ್ವೇಸಾರನ್ನು ಇಟ್ಟರೂ ಅಸಾಧಾರಣವೆಂದೇ ತೋರುತ್ತದೆ. ಅಂಟನ್ನು ಉಳಿಸಿಕೊಂಡು, ನನ್ನ ದತ್ತಾಂಶದ ರಾತ್ರಿಗಳಿಗೇ ಹೊಂದುವಂತೆ ಸಾವಿರ ಕೃತಕ ಹೊಳಪುರೇಖೆಗಳನ್ನು ರಚಿಸಿದಾಗ, ನೂರಕ್ಕೂ ಹೆಚ್ಚು ರೇಖೆಗಳು ನನ್ನದಕ್ಕಿಂತ ಅಚ್ಚುಕಟ್ಟಾದ ಆವರ್ತವನ್ನು ತೋರಿದವು. ಆದರೆ ಈ ಪರೀಕ್ಷೆಯನ್ನು ಮಾಡುವ ಬುದ್ಧಿ ಬಂದದ್ದು ಎರಡು ವರ್ಷಗಳ ಸಂಶೋಧನೆಯನ್ನು ಅದರ ಮೇಲೆ ಕಟ್ಟಿದ ಮೇಲೆ. 2018ರಲ್ಲಿ ಶುರುವಾದ ಜ್ವಿಕಿ ಎಂಬ ಇನ್ನೊಂದು ಆಕಾಶ ಸಮೀಕ್ಷೆಯ ಅಳತೆಗಳಲ್ಲಿ ನನ್ನ ಕ್ವೇಸಾರ್, ಏರಬೇಕಿದ್ದ ತಿಂಗಳುಗಳಲ್ಲಿ ಇಳಿಯುತ್ತಲೇ ಹೋಯಿತು. ಆ ರೇಖೆಯನ್ನು ನೋಡಿದ ಸಂಜೆ ಪತ್ರಿಕೆಗೆ ಕಳುಹಿಸಿದ್ದ ಲೇಖನವನ್ನು ಹಿಂಪಡೆದೆ.

ಲೀಸಾದ ಮಾತನ್ನಂತೂ ಕೈಬಿಡಿ. ನಾಲ್ಕು ವರ್ಷಕ್ಕೊಮ್ಮೆ ದುಂಡಗೆ ಸುತ್ತುವ ಜೋಡಿಯ ಅಲೆ ಸುಮಾರು 16 ನ್ಯಾನೋಹರ್ಟ್ಸ್‌ನದು, ಎಂದರೆ ಎರಡು ವರ್ಷಕ್ಕೊಂದು ಅಲೆ; ಲೀಸಾಕ್ಕೆ ಅದು ತೀರ ನಿಧಾನ. ಅದು ಪಲ್ಸಾರ್‌ಗಳೆಂಬ, ಗಡಿಯಾರದಂತೆ ಮಿಡಿಯುವ ನಕ್ಷತ್ರಗಳ ಮಿಡಿತವನ್ನು ವರ್ಷಗಟ್ಟಲೆ ಅಳೆಯುವವರ ಪಾಲಿನದು. ಪುಣೆ ಬಳಿಯ ಜಿಎಂಆರ್‌ಟಿ ರೇಡಿಯೋ ದೂರದರ್ಶಕದಲ್ಲಿ ಭಾರತೀಯರೂ ಆ ಕೆಲಸ ಮಾಡುತ್ತಿದ್ದಾರೆ. 2035ರ ಸುಮಾರಿಗೆ ಹಾರಲಿರುವ ಲೀಸಾ ಹಿಡಿಯುವುದು ವಿಲೀನದ ಅಂಚಿಗೆ ಬಂದ, ಇನ್ನೂ ಹಗುರವಾದ ಜೋಡಿಗಳನ್ನು.

ಎರಡೇ ಸುತ್ತುಗಳ ಆವರ್ತವನ್ನು ನಾನು ಪುರಾವೆಯೆಂದು ಒಪ್ಪುವುದಿಲ್ಲ. ಒಂಟಿ ಕಪ್ಪುಕುಳಿಗೆ ಸುಲಭವಲ್ಲದ್ದನ್ನು ಹುಡುಕಿ. ಬೆಳಗುವ ಕುಳಿ ನಮ್ಮತ್ತ ಧಾವಿಸುವಾಗ ಡಾಪ್ಲರ್ ಪರಿಣಾಮದಿಂದ ಹೊಳಪು ಹೆಚ್ಚುವುದಾದರೆ, ನೇರಳಾತೀತದ ಏರಿಳಿತಕ್ಕೂ ಕಣ್ಣಿಗೆ ಕಾಣುವ ಬೆಳಕಿನ ಏರಿಳಿತಕ್ಕೂ ಲೆಕ್ಕ ಹಾಕಬಹುದಾದ ಅನುಪಾತವಿರಬೇಕು. ಪಿಜಿ 1302ಕ್ಕೆ ಅದು ಎರಡು ಪಟ್ಟಿಗೂ ಹೆಚ್ಚೆಂದು 2015ರಲ್ಲಿ ವಾದಿಸಿದ್ದರು. ನಿಮ್ಮ ಕ್ವೇಸಾರ್‌ಗೂ ಆ ಲೆಕ್ಕ ಮಾಡಿ. ಅಲ್ಲಿಯವರೆಗೆ ಪ್ರಬಂಧದ ಶೀರ್ಷಿಕೆಯಲ್ಲಿ ‘ಜೋಡಿ’ ಎಂಬ ಪದ ಬೇಡ.