ಎಸಿ ಔಟ್‌ಡೋರ್ ಯೂನಿಟ್ ಮನೆ ಮುಂದೆ ಕಾಣದ ಹಾಗೆ ಎಲ್ಲಿ ಕೂರಿಸಬೇಕು? ಸಜ್ಜಾ ಮೇಲೆ ಇಟ್ಟರೆ ನಡೆಯುತ್ತದೆಯೇ?

"ಮುಂದ ಹಚ್ಚಬ್ಯಾಡ, ಎಲಿವೇಶನ್ ಕೆಡತದ." ನೀವು ಕೇಳಿರುವುದನ್ನೇ ನಮ್ಮಪ್ಪ ಅಂದು ಆಜ್ಞೆ ಮಾಡಿದ್ದರು. ನಮ್ಮದು ಬಾಗಲಕೋಟೆ ನವನಗರ. ಹಳೇ ಊರಿನ ಮನೆ ಆಲಮಟ್ಟಿ ಹಿನ್ನೀರಿಗೆ ಹೋದ ಮೇಲೆ ಇಲ್ಲಿ ಕೆಳಗಿನದನ್ನು ಕಲ್ಲಿನಲ್ಲಿ ಕಟ್ಟಿಸಿ, ಎಷ್ಟೋ ವರ್ಷ ಬಿಟ್ಟು ಮೇಲೊಂದು ರೂಮು ಎಬ್ಬಿಸಿದರು. ಮುಂದಿನ ಗೋಡೆಗೆ ಟೈಲ್ಸ್ ಬಂದದ್ದು ಅವರ ರಿಟೈರ್ಮೆಂಟ್ ದುಡ್ಡಿನಲ್ಲಿ. ಅದಕ್ಕೆ ಡ್ರಿಲ್ ಹಚ್ಚುವ ಧೈರ್ಯ ನನಗೂ ಇರಲಿಲ್ಲ. ಹೀಗಾಗಿ ಒಂದೂವರೆ ಟನ್ನಿನ ಔಟ್‌ಡೋರ್ ಬಗಲಿನ ಸಂದಿಯ ಗೋಡೆಗೆ ಹೋಯಿತು. ಅದರ ನೇರ ಕೆಳಗೆ ಅವ್ವ ಬಟ್ಟೆ ಒಗೆಯುವ ಕಲ್ಲು.

ಜಾಗ ತಪ್ಪಿದ್ದು ಸರಿಯೇ, ಆದರೆ ನಮ್ಮನ್ನು ಕೆಡವಿದ್ದು ಅದನ್ನು ಹಚ್ಚಿದ ದಿನದ ಎರಡು ನಿಮಿಷ. ಅದನ್ನು ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ.

ಎಸಿ ಹಚ್ಚಲು ಬಂದ ಹುಡುಗ ಕಿಟಕಿ ಸಜ್ಜಾ ಮೇಲೆ ಹವಾಯಿ ಚಪ್ಪಲಿಯಲ್ಲಿ ನಿಂತಿದ್ದ. ಒಂದು ಕೈ ಗ್ರಿಲ್ ಹಿಡಿದಿತ್ತು, ಇನ್ನೊಂದರಲ್ಲಿ ಡ್ರಿಲ್. "ಗ್ವಾಡಿ ಇಟ್ಟಂಗಿದೋ ಬ್ಲಾಕಿಂದೋ ರೀ?" ಎಂದು ಕೇಳಿದ. "ಬ್ಲಾಕ್, ಗಟ್ಟಿ ಅದ" ಎಂದೆ. ಅವು ಒಳಗೆ ಟೊಳ್ಳಿರುವ ಬ್ಲಾಕು ಎಂಬುದು ನನಗೆ ಗೊತ್ತಿತ್ತು, ಲಾರಿಯಿಂದ ಇಳಿಸಿಕೊಂಡವನೇ ನಾನು. ಡ್ರಿಲ್ ಒಂದು ಇಂಚು ಗುರ್ ಅಂದು ಹೋಯಿತು, ಆಮೇಲೆ ದಡಕ್ಕನೆ ಪೂರ್ತಿ ಒಳಗೆ. ತೂತಿನಿಂದ ಬೂದು ಪುಡಿ ಸುರಿಯಿತು. ಕೊನೆಯ ಬೋಲ್ಟ್ ಅಂತೂ ಪಾನಾ ಹಾಕಿ ಎಷ್ಟು ತಿರುವಿದರೂ ತಿರುಗುತ್ತಲೇ ಇತ್ತು, ಬಿಗಿಯಾಗಲೇ ಇಲ್ಲ. ಆತ ನಿಲ್ಲಿಸಿ ನನ್ನ ಮುಖ ನೋಡಿದ. ಮೇ ತಿಂಗಳು, ಇವತ್ತು ಬಿಟ್ಟರೆ ಇನ್ನು ನಾಲ್ಕು ದಿನ ಬರುವುದಿಲ್ಲ ಎಂದು ಮೊದಲೇ ಹೇಳಿದ್ದ. "ಇರಲಿ, ಹಚ್ಚರಿ" ಎಂದವನು ನಾನೇ.

ಆ ಫಾಸ್ಟನರ್ ಬೋಲ್ಟ್ ಹಿಡಿಯುವುದು ತೂತಿನೊಳಗೆ ಅಗಲವಾಗಿ ಸುತ್ತಲಿನ ಗೋಡೆಯನ್ನು ಒತ್ತಿಕೊಂಡು. ಒತ್ತಿಕೊಳ್ಳಲು ಸುತ್ತ ಗಟ್ಟಿ ಕಾಂಕ್ರೀಟೋ ಕಲ್ಲೋ ಇರಬೇಕು. ಟೊಳ್ಳು ಬ್ಲಾಕಿನಲ್ಲಿ ಒಂದಿಂಚಿನ ಸಿಪ್ಪೆ, ಹಿಂದೆ ಬರೀ ಗಾಳಿ. ಮೊದಲ ದಿನ ನಿಲ್ಲುತ್ತದೆ, ಅದೇ ಮೋಸ. ಮೂವತ್ತು ಕಿಲೋ ಆಸುಪಾಸಿನ ಪೆಟ್ಟಿಗೆ ಗೋಡೆಯಿಂದ ಆಚೆ ಚಾಚಿ ಕೂತಿರುವುದರಿಂದ ಮೇಲಿನ ಬೋಲ್ಟನ್ನು ಹೊರಗೆ ಎಳೆಯುತ್ತಲೇ ಇರುತ್ತದೆ. ಕಂಪ್ರೆಸರ್ ಒಮ್ಮೊಮ್ಮೆ ಶುರುವಾದಾಗ, ನಿಂತಾಗ ಒಂದು ಕುಲುಕು. ಸಿಪ್ಪೆ ಒಳಗೊಳಗೇ ಪುಡಿಯಾಗುತ್ತದೆ, ಹೊರಗೆ ಪ್ಲಾಸ್ಟರ್ ನುಣ್ಣಗೇ ಕಾಣುತ್ತದೆ. "ಬ್ರ್ಯಾಕೆಟ್ ನೂರು ಕಿಲೋ ತಡೀತದ" ಎಂದು ಅಂಗಡಿಯವರು ಹೇಳುವುದು ಸುಳ್ಳಲ್ಲ. ನಮ್ಮ ಬ್ರ್ಯಾಕೆಟ್ ಈಗಲೂ ಗಟ್ಟಿಮುಟ್ಟಾಗಿ ಅಟ್ಟದ ಮೇಲಿದೆ. ಗೋಡೆ ತಡೆಯಲಿಲ್ಲ.

ಮರುವರ್ಷ ರೋಹಿಣಿ ಮಳೆ ಗಾಳಿ ಸಮೇತ ಬಂತು. ಬಟ್ಟೆ ಒಗೆಯುತ್ತಿದ್ದ ಅವ್ವ ಮಾಳಿಗೆ ಮೇಲೆ ಒಣಹಾಕಿದ್ದ ಸಂಡಿಗೆ ಎತ್ತಲು ಓಡಿದಳು. ಅಷ್ಟರಲ್ಲೇ ಒಂದು ಕಡೆಯ ಬೋಲ್ಟು ಕಿತ್ತು, ಪೆಟ್ಟಿಗೆ ತಾಮ್ರದ ಪೈಪಿಗೆ ಜೋತಾಡಿ, ಪೈಪು ಮುರಿದು ಒಗೆಯುವ ಕಲ್ಲಿನ ಮೇಲೆ ಬಿತ್ತು. ಬಕೆಟ್ಟು ಚಪ್ಪಟೆ. ಅಪ್ಪನ ಧೋತರದ ತುಂಬ ಕಂಪ್ರೆಸರಿನ ಎಣ್ಣೆ. ಗ್ಯಾಸು ಸುಯ್ ಎನ್ನುತ್ತಿತ್ತು, ಕಿತ್ತುಬಂದ ವೈರು ಮಳೆ ನೀರಿನಲ್ಲಿ. ನಾನು ಓಡಿಹೋಗಿ ಮೇನ್ ಇಳಿಸಿದೆ. ಎಸಿಗೆ ಬೇರೆಯದೇ ಎಂಸಿಬಿ (ಕರೆಂಟು ಮಿತಿಮೀರಿದರೆ ತಾನೇ ಬೀಳುವ ಸ್ವಿಚ್ಚು), ಸರಿಯಾದ ಅರ್ಥಿಂಗ್ ಇರಲಿ ಎಂದು ಎಲ್ಲರಿಗೂ ಹೇಳುವ ಚಟ ನನಗೆ ಹತ್ತಿದ್ದು ಆವತ್ತಿನಿಂದ.

ಬೀಳದೆ ಇದ್ದಿದ್ದರೂ ಆ ಸಂದಿ ಸರಿಯಿರಲಿಲ್ಲ. ಒಂದೂವರೆ ಟನ್ ಎಂದರೆ ರೂಮಿನಿಂದ ಸುಮಾರು 5 ಕಿಲೋವ್ಯಾಟ್ ಶಾಖ ಎಳೆಯುತ್ತದೆ, ಅದಕ್ಕೆ ಕಂಪ್ರೆಸರ್ ತಿಂದ ಕರೆಂಟೂ ಸೇರಿ ಎಲ್ಲ ಹೊರಗೆ. ಲೇಬಲ್ಲಿನಲ್ಲಿ ಬರೆದ ತಾಕತ್ತು ಹೊರಗೆ 35 ಡಿಗ್ರಿ ಇದ್ದಾಗಿನದು. ನಮ್ಮಲ್ಲಿ ಮೇ ತಿಂಗಳಿಗೆ 40 ದಾಟುತ್ತದೆ. ಮೂರಡಿ ಸಂದಿಯಲ್ಲಿ ಉಗುಳಿದ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಂಡು ಮಧ್ಯಾಹ್ನ ಮೂರಕ್ಕೆ ಟ್ರಿಪ್ ಆಗುತ್ತಿತ್ತು. ಪಕ್ಕದ ಮನೆ ಕಾಕು, "ನಿಮ್ಮ ಎಸಿ ನಮ್ಮ ಅಡಗಿ ಮನ್ಯಾಗ ಇನ್ನೊಂದ ಒಲಿ ಹಚ್ಚೇದ ನೋಡಪಾ" ಎಂದಿದ್ದರು. ನಾನು ನಕ್ಕು ಸುಮ್ಮನಾಗಿದ್ದೆ.

ಅದಕ್ಕೇ ನಿಮ್ಮ ಪ್ರಶ್ನೆಯೇ ತಪ್ಪು ಎನ್ನುತ್ತೇನೆ. ಕಾಣದ ಜಾಗ ಹುಡುಕಬೇಡಿ. ರಿಪೇರಿಗೆ ಬಂದವನು ಎರಡೂ ಕಾಲೂರಿ ನಿಲ್ಲುವ ಜಾಗ ಎಲ್ಲಿದೆ, ಅದರ ಕೆಳಗೆ ಯಾರೂ ಓಡಾಡುವುದಿಲ್ಲವೇ ಎಂದು ನೋಡಿ. ಸಜ್ಜಾ ಇದರಲ್ಲೇ ಫೇಲು. ಪೆಟ್ಟಿಗೆಯ ಭಾರವನ್ನು ಅದು ತಡೆದೀತು, ಆದರೆ ವರ್ಷಕ್ಕೆರಡು ಸಲ ಸರ್ವೀಸಿಗೆ ಎಪ್ಪತ್ತು ಕಿಲೋ ಮನುಷ್ಯ ಅದರ ತುದಿಗೆ ನಿಲ್ಲುತ್ತಾನೆ. ಸಜ್ಜಾದಲ್ಲಿ ಭಾರ ತಡೆಯುವ ಕಬ್ಬಿಣದ ಸರಳು ಮೇಲ್ಭಾಗದಲ್ಲಿರಬೇಕು, ಕಾಂಕ್ರೀಟ್ ಹಾಕುವಾಗ ತುಳಿದು ಕೆಳಗೆ ಕೂತಿದ್ದರೆ ಯಾರಿಗೆ ಗೊತ್ತು?

ನಮ್ಮದು ಈಗ ಮಾಳಿಗೆ ಮೇಲಿದೆ. ಪ್ಯಾರಾಪೆಟ್ಟಿನಿಂದ ದೂರ, ಕಬ್ಬಿಣದ ಸ್ಟ್ಯಾಂಡ್, ಕಾಲಿಗೆ ರಬ್ಬರ್, ಗಾಳಿಗೆ ಉರುಳದಂತೆ ಸ್ಟ್ಯಾಂಡನ್ನು ಕಾಂಕ್ರೀಟ್ ದಿಮ್ಮಿಗೆ ಬಿಗಿದದ್ದು. ಸ್ಲ್ಯಾಬಿಗೆ ತೂತು ಹಾಕಲು ಬಿಡಲಿಲ್ಲ, ಸೋರಿದರೆ ಮತ್ತೊಂದು ಕತೆ. ಹಿಂದೆ ಒಂದು ಗೇಣು, ಮುಂದೆ ಪೂರ್ತಿ ಬಯಲು. ಹೆಚ್ಚಿನ ತಾಮ್ರದ ಪೈಪಿಗೆ ಮೂರು ಸಾವಿರ ಹೋಯಿತು, ಮೊದಲ ಸಲ ಉಳಿಸಿದ್ದೆ ಎಂದುಕೊಂಡಿದ್ದ ಅದೇ ಮೂರು ಸಾವಿರ. "ಬಿಸಿಲಿಗೆ ಇಟ್ಟರೆ ಕೆಡುತ್ತದೆ" ಎನ್ನುವವರ ಮಾತು ಕೇಳಿ ತಗಡಿನ ಪೆಟ್ಟಿಗೆ ಹೊದಿಸಬೇಡಿ. ನೆರಳಿದ್ದರೆ ಚೂರು ಒಳ್ಳೆಯದು, ಗಾಳಿ ಇಲ್ಲದಿದ್ದರೆ ಏನೂ ಇಲ್ಲ. ಬಾದಾಮಿಯ ನಮ್ಮ ಅತ್ತೆ ಮನೆಯಲ್ಲಿ ಮಂಗಗಳು ಪೈಪಿನ ಕಪ್ಪು ರಬ್ಬರ್ ಕಿತ್ತುಹಾಕಿದವು, ಅಂಥ ಊರಾದರೆ ಪೈಪಿನ ಮೇಲೆ ಪಿವಿಸಿ ಹಾಕಿಸಿ.

ಗೋಡೆಗೇ ಹಚ್ಚಬೇಕು, ಬೇರೆ ದಾರಿಯೇ ಇಲ್ಲ ಎಂದಾದರೆ ಬೀಮಿಗೆ ಹಚ್ಚಿಸಿ. ಅದೂ ಆಗದಿದ್ದರೆ ಗೋಡೆ ಆರ್‌ಪಾರ್ ಬೋಲ್ಟ್ ಹಾಕಿಸಿ, ಒಳಗಿನಿಂದ ಅಗಲದ ಪ್ಲೇಟ್ ಕೊಡಿಸಿ. ನಿಮ್ಮ ಗೋಡೆ ಯಾವುದೆಂದು ನೀವು ಬರೆದಿಲ್ಲ. ಡ್ರಿಲ್ ಹಾಕುವಾಗ ಹತ್ತಿರ ನಿಂತು ನೋಡಿ: ಕೆಂಪು ಪುಡಿ ಬಂದರೆ ಇಟ್ಟಂಗಿ. ಬೂದು ಪುಡಿ ಬಂದು ಡ್ರಿಲ್ ದಡಕ್ಕನೆ ಒಳಗೆ ಹೋದರೆ ಆ ಹುಡುಗನಿಗೆ ಚಹಾ ಕುಡಿಸಿ ವಾಪಸ್ ಕಳಿಸಿ, ನಾಲ್ಕು ದಿನ ಫ್ಯಾನ್ ಕೆಳಗೆ ಮಲಗಿ.