ಕಾಗದದ ತಿರುಳಿಗೆ ಮರದ ಚಕ್ಕೆಯನ್ನು ರಾಸಾಯನಿಕದಲ್ಲಿ ನೆನೆಸಿ, ಮತ್ತೆ ಅರೆಯುವುದು ಯಾಕೆ? ಒಂದೇ ಕೆಲಸ ಸಾಲದೇ?

ಸಾಲುತ್ತದೆ, ಆದರೆ ಎರಡಕ್ಕೂ ಒಂದೊಂದು ತೊಂದರೆ ಇದೆ. ಮರದಲ್ಲಿ ನಾರುಗಳನ್ನು ಲಿಗ್ನಿನ್ ಎಂಬ ಅಂಟು ಹಿಡಿದಿಟ್ಟಿರುತ್ತದೆ. ಸುಮ್ನೆ ಅರೆದರೆ ಮರದ ಶೇ. 90ಕ್ಕಿಂತ ಜಾಸ್ತಿ ಭಾಗ ತಿರುಳಾಗುತ್ತದೆ. ಆದರೆ ನಾರು ತುಂಡಾಗುತ್ತದೆ, ಕರೆಂಟು ವಿಪರೀತ ಬೇಕು. ಅಂಟು ಅಲ್ಲೇ ಉಳಿಯುವುದರಿಂದ ಬಿಸಿಲಿಗೆ ಕಾಗದ ಹಳದಿಯಾಗುತ್ತದೆ.

ಕ್ರಾಫ್ಟ್ ವಿಧಾನ ಇದಕ್ಕೆ ತಿರುಗಾಮುರುಗಾ. ಚಕ್ಕೆಯನ್ನು ಕಾಸ್ಟಿಕ್ ಸೋಡಾ, ಸೋಡಿಯಂ ಸಲ್ಫೈಡ್ ದ್ರಾವಣದಲ್ಲಿ ಸುಮಾರು 170 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒತ್ತಡ ಹಾಕಿ ಬೇಯಿಸುತ್ತಾರೆ, ನಮ್ಮ ಕುಕ್ಕರಿನ ಹಾಗೆ. ಅಂಟು ಕರಗಿ ಗಟ್ಟಿ, ಉದ್ದ ನಾರು ಸಿಗುತ್ತದೆ. ಆದರೆ ಮರದ ಅರ್ಧದಷ್ಟೇ ಉಳಿಯುತ್ತದೆ! ಮಿಕ್ಕಿದ್ದು ಕಪ್ಪು ದ್ರಾವಣ. ಅದೂ ದಂಡವಲ್ಲ, ಬಾಯ್ಲರಿನಲ್ಲಿ ಉರಿಸಿ ಉಗಿ ಮಾಡುತ್ತಾರೆ, ರಾಸಾಯನಿಕವನ್ನೂ ವಾಪಸ್ ಪಡೆಯುತ್ತಾರೆ. ಗಿರಣಿ ಹತ್ತಿರದ ಕೊಳೆತ ಮೊಟ್ಟೆ ವಾಸನೆಗೆ ಕಾರಣ ಇದೇ ವಿಧಾನದ ಗಂಧಕ.

ನೀವು ಕೇಳಿದ್ದು ಇವೆರಡರ ನಡುವಿನ ದಾರಿ. ಚಕ್ಕೆಯನ್ನು ಕಾಸ್ಟಿಕ್ ಸೋಡಾ ಅಥವಾ ಸಲ್ಫೈಟ್‌ನಲ್ಲಿ ಸ್ವಲ್ಪ ಹೊತ್ತು ನೆನೆಸುತ್ತಾರೆ. ಅಂಟು ಪೂರ್ತಿ ಕರಗುವುದಿಲ್ಲ, ಮೆತ್ತಗಾಗುತ್ತದೆ ಅಷ್ಟೇ. ಆಮೇಲೆ ರಿಫೈನರ್ ಎಂಬ ಯಂತ್ರದ ಹಲ್ಲಿನ ತಟ್ಟೆಗಳ ನಡುವೆ ಅರೆದರೆ ನಾರು ಹೆಚ್ಚು ಮುರಿಯದೆ ಬಿಡಿಸಿಕೊಳ್ಳುತ್ತದೆ. ಮರದ ಶೇ. 80–90 ಭಾಗ ತಿರುಳಾಗುತ್ತದೆ. ನೀಲಗಿರಿಯಂಥ ಗಿಡ್ಡ ನಾರಿನ ಗಟ್ಟಿ ಮರಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಪತ್ರಿಕೆ ಕಾಗದಕ್ಕೆ ಧಾರಾಳವಾಗಿ ಸಾಕು. ಬಹುಕಾಲ ಬಾಳಬೇಕಾದ ಪುಸ್ತಕಕ್ಕಾದರೆ ನಾನು ಬೇಯಿಸಿದ ತಿರುಳನ್ನೇ ಆರಿಸುತ್ತೇನೆ.