ಗಂಡ-ಹೆಂಡತಿ ಇಬ್ಬರಿಗೂ ವೃತ್ತಿ ಮುಖ್ಯವಾದರೆ ಎಲ್ಲಿ ನೆಲೆಸಬೇಕು?

ನಿಮಗೆ ಚಿಕ್ಕ ಊರಿನಲ್ಲಿ ಒಳ್ಳೆಯ ಹುದ್ದೆ ಸಿಕ್ಕಿದೆ, ಪತಿಯ ಕೆಲಸ ಮಹಾನಗರದಲ್ಲಿದೆ, ಯಾರು ಯಾರ ಹಿಂದೆ ಹೋಗಬೇಕು ಎಂದು ಕೇಳಿದ್ದೀರಿ.

ಯಾರ ಸಂಬಳ ಹೆಚ್ಚೋ ಅವರ ಊರಿಗೆ ಎಂಬ ಲೆಕ್ಕಾಚಾರವನ್ನು ನಾನು ಒಪ್ಪುವುದಿಲ್ಲ. ಯಾರ ವೃತ್ತಿಗೆ ಅವಕಾಶ ವಿರಳವೋ ಅದನ್ನು ಮೊದಲು ನೋಡಿ. ನಾನು ಲೆಕ್ಕಪತ್ರ ನೋಡುವವಳು, ಯಾವ ಊರಿಗೆ ಹೋದರೂ ನನಗೆ ಕೆಲಸ ಸಿಕ್ಕೀತು. ನನ್ನ ಪತಿ ಸಂಶೋಧಕರು. ಅವರ ವಿಷಯದಲ್ಲಿ ಕೆಲಸ ಕೊಡುವ ಸಂಸ್ಥೆಗಳು ಬೆರಳೆಣಿಕೆಯಷ್ಟು. ಹಾಗಾಗಿ ಊರನ್ನು ಅವರ ಕೆಲಸ ಆರಿಸಿತು, ಮನೆಯನ್ನು ನನ್ನ ಕೆಲಸ.

ಅರ್ಥಶಾಸ್ತ್ರಜ್ಞ ಜೇಕಬ್ ಮಿನ್ಸರ್ 1978ರಲ್ಲೇ ಇದನ್ನು ವಿವರಿಸಿದ್ದರು: ಊರು ಬಿಡುವುದರಿಂದ ಕುಟುಂಬಕ್ಕೆ ಒಟ್ಟಾರೆ ಲಾಭವಾದರೂ ಇಬ್ಬರಲ್ಲಿ ಒಬ್ಬರಿಗೆ ನಷ್ಟವಾಗಬಹುದು. ದೊಡ್ಡ ನಗರದಲ್ಲಿ ಈ ನಷ್ಟದ ಭಯ ಕಡಿಮೆ, ಏಕೆಂದರೆ ಇಬ್ಬರಿಗೂ ಹೊಂದುವ ಹುದ್ದೆಗಳು ಒಂದೇ ಕಡೆ ಸಿಗುವ ಸಾಧ್ಯತೆ ಹೆಚ್ಚು. ಅಮೆರಿಕದಲ್ಲಿ ಇಬ್ಬರೂ ಪದವೀಧರರಾದ ದಂಪತಿಗಳ ಪೈಕಿ ಮಹಾನಗರಗಳಲ್ಲಿ ಇದ್ದವರು 1940ರಲ್ಲಿ ಶೇ. 32, 1990ರಲ್ಲಿ ಶೇ. 50. ಇದನ್ನು ತೋರಿಸಿದ ಅರ್ಥಶಾಸ್ತ್ರಜ್ಞರಾದ ಡೋರಾ ಕೋಸ್ಟಾ ಮತ್ತು ಮ್ಯಾಥ್ಯೂ ಕಾನ್ ಅವರು ಎರಡು ಉದ್ಯೋಗಗಳ ಹುಡುಕಾಟವೇ ಈ ಏರಿಕೆಗೆ ದೊಡ್ಡ ಕಾರಣ ಎಂದರು. ಕಾಂಪ್ಟನ್ ಮತ್ತು ಪೊಲ್ಲಾಕ್ ಎಂಬ ಅರ್ಥಶಾಸ್ತ್ರಜ್ಞರು 2007ರಲ್ಲಿ ಇದಕ್ಕೆ ತಕರಾರು ತೆಗೆದರು: ಓದಿದ ಅವಿವಾಹಿತರು ನಗರಕ್ಕೆ ಬಂದು ಅಲ್ಲಿಯೇ ಜೋಡಿಯಾಗುತ್ತಾರೆ, ದಂಪತಿಗಳಾಗಿ ವಲಸೆ ಬಂದವರಿಂದ ಆದ ಏರಿಕೆಯಲ್ಲ ಇದು. ನನಗೆ ಎರಡನೆಯ ವಾದವೇ ಹೆಚ್ಚು ನಂಬುವಂತಿದೆ. ಆದರೆ ನಿಮಗೆ ಈಗಾಗಲೇ ಮದುವೆಯಾಗಿದೆ. ನಿಮ್ಮ ಮುಂದಿರುವುದು ಕೋಸ್ಟಾ ಮತ್ತು ಕಾನ್ ಹೇಳಿದ ಸಮಸ್ಯೆ, ಒಂದೇ ಕಡೆ ಎರಡು ಉದ್ಯೋಗಗಳ ಹುಡುಕಾಟ.

ಇನ್ನು ಮನೆ. ಎರಡು ಕಚೇರಿಗಳ ನಟ್ಟನಡುವೆ ಮನೆ ಮಾಡಿದರೆ ನ್ಯಾಯವಾಗುತ್ತದೆ ಎಂದು ಬಹಳ ಜನ ಭಾವಿಸುತ್ತಾರೆ. ಅದರಿಂದ ದಣಿವು ಸಮನಾಗುತ್ತದೆ, ಅಷ್ಟೇ. ಯಾರ ಕೆಲಸದ ವೇಳೆ ಸಡಿಲವಿಲ್ಲವೋ, ಮಗುವಿಗೆ ಜ್ವರ ಬಂದಾಗ ಯಾರು ಓಡಬೇಕೋ, ಅವರ ಕಚೇರಿಯ ಹತ್ತಿರ ಇರಿ. ಇವೆರಡೂ ಒಬ್ಬರ ತಲೆಗೇ ಬಂದರೆ ಮನೆಗಿಂತ ಮೊದಲು ಆ ಹಂಚಿಕೆಯನ್ನು ಚರ್ಚಿಸಿ.

ಮನೆಯಿಂದಲೇ ಕೆಲಸ ಮಾಡಬಹುದೆಂಬ ಬಾಯಿಮಾತಿನ ಭರವಸೆಯ ಮೇಲೆ ಊರು ಬದಲಿಸಬೇಡಿ, ಲಿಖಿತವಾಗಿ ಪಡೆಯಿರಿ. ಬೇರೆ ಬೇರೆ ಊರುಗಳಲ್ಲಿ ಇರುವುದಾದರೆ ಎಂದಿನವರೆಗೆ ಎಂಬುದನ್ನು ಈಗಲೇ ನಿರ್ಧರಿಸಿ.

ಹುದ್ದೆ ಒಪ್ಪಿಕೊಳ್ಳುವ ಮುನ್ನ, ಆ ಚಿಕ್ಕ ಊರಿನಲ್ಲಿ ತಮಗೆ ತಕ್ಕ ಕೆಲಸ ಎಷ್ಟು ಕಡೆ ಇದೆ ಎಂದು ನಿಮ್ಮ ಪತಿ ಹುಡುಕಲಿ. ಒಂದೇ ಒಂದು ಸಿಕ್ಕಿದರೆ, ಅದು ಕೈತಪ್ಪಿದ ದಿನ ಏನು ಮಾಡುತ್ತೀರಿ ಎಂಬುದನ್ನೂ ಮಾತಾಡಿಕೊಂಡೇ ಉತ್ತರ ಬರೆಯಿರಿ.